ನಾಲ್ಕು ಮೊಳ ಮುಂದಿನ ನೆಲ

ಆಷಾಢ ಶುದ್ಧ ಚತುರ್ದಶಿಯಂದು ದಿಗಂಬರ ಮುನಿಗಳು ವರ್ಷಾಯೋಗವನ್ನು ಸ್ಥಾಪಿಸುತ್ತಾರೆ. ಮುಂದಿನ ನಾಲ್ಕು ತಿಂಗಳು ಅವರ ವಿಹಾರ ನಿಲ್ಲುತ್ತದೆ. ಮಳೆಗೆ ನೆಲ ಹಸಿಯಾಗಿ, ಹುಲ್ಲು ಚಿಗುರಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ದಾರಿಯ ತುಂಬ ಹುಟ್ಟುವ ಕಾಲವದು. ಹೆಜ್ಜೆಯಿಟ್ಟ ಮೇಲೆ ಮರುಗುವುದಕ್ಕಿಂತ ಹೆಜ್ಜೆಯಿಡುವ ಮುನ್ನವೇ ನಿಲ್ಲುವುದು ಲೇಸೆಂಬ ನಿರ್ಧಾರ ಇದರ ಹಿಂದಿದೆ. ಪಿಂಛಿ, ಕಮಂಡಲು, ಶಾಸ್ತ್ರಗಳ ಹೊರತಾಗಿ ಏನನ್ನೂ ಇಟ್ಟುಕೊಳ್ಳದ, ನಾಳಿನ ಆಹಾರದ ಚಿಂತೆಯೂ ಇಲ್ಲದ ಮುನಿಗಳು ಬರಲಿರುವ ಮಳೆಯ ವಿಷಯದಲ್ಲಿ ಮಾತ್ರ ಮುಂಚಿತವಾಗಿ ಸಂಕಲ್ಪ ಮಾಡುತ್ತಾರೆ. ಮುಂದಾಲೋಚನೆ ಎಂಬುದು ಆಸ್ತಿಯುಳ್ಳವರ ಆತಂಕ ಮಾತ್ರವಲ್ಲ, ಅದು ಅಹಿಂಸೆಯ ಒಂದು ಅಂಗವೂ ಹೌದು ಎಂಬುದಕ್ಕೆ ಚಾತುರ್ಮಾಸ್ಯವೇ ಸಾಕ್ಷಿ.

ಏನೂ ಇಲ್ಲದ ಮುನಿಗೆ ಈ ಎಚ್ಚರ ಬೇಕಾದರೆ, ಅಂಗಡಿ, ಗೋದಾಮು, ಆಳುಕಾಳು, ಸಾಲ, ಸಂಸಾರಗಳನ್ನು ಹೊತ್ತ ಶ್ರಾವಕನಿಗೆ ಅದು ಎಷ್ಟು ಬೇಕು? ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸಣ್ಣ ವ್ಯಾಪಾರಿಗಳ ಬದುಕನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸೋಣ.

ಮೂರು ಹೊಳೆಗಳ ಸೀಮೆ

ಈ ಮೂರೂ ತಾಲ್ಲೂಕುಗಳ ಸಿರಿ ಮತ್ತು ಸಂಕಟ ಎರಡೂ ನೀರಿನಿಂದಲೇ ಬಂದಿವೆ. ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭೆಗೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು ಕಟ್ಟಲಾಗಿದೆ. ರಾಜಾ ಲಖಮಗೌಡ ಜಲಾಶಯವೆಂದು ಕರೆಯುವ ಅದರ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಸಂಕೇಶ್ವರವನ್ನು ಹಾದುಬರುವ ಹಿರಣ್ಯಕೇಶಿ ಅಣೆಕಟ್ಟಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯ ಬಂದು ಸೇರುತ್ತದೆ. ಮುಂದೆ ಅದೇ ನೀರು ಮೂಡಲಗಿ ತಾಲ್ಲೂಕಿನ ನದಿತೀರದ ಹಳ್ಳಿಗಳತ್ತ ಹರಿಯುತ್ತದೆ. ಕಬ್ಬು, ಸಕ್ಕರೆ, ಬೆಲ್ಲ, ಸಂಕೇಶ್ವರದ ಮೆಣಸಿನಕಾಯಿ, ಗೋಕಾಕದ ಕರದಂಟು, ಹತ್ತಿ ಗಿರಣಿಯ ದುಡಿಮೆ ಎಲ್ಲವೂ ಈ ಹೊಳೆಗಳ ಋಣದಲ್ಲಿ ಬೆಳೆದವು.

2019ರ ಆಗಸ್ಟ್‌ನಲ್ಲಿ ಅದೇ ಹೊಳೆಗಳು ಮನೆ ಅಂಗಡಿಗಳೊಳಗೆ ಬಂದವು. ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾದವು. ಲೋಳಸೂರ ಸೇತುವೆ ಮುಳುಗಿ ಸಂಚಾರ ಕಡಿಯಿತು. ನೀರು ಇಳಿದ ಮೇಲೆ ಉಳಿದದ್ದು ಕೆಸರು, ಕೊಳೆತ ಕಾಳಿನ ವಾಸನೆ ಮತ್ತು ಅಕ್ಷರ ಅಳಿಸಿಹೋದ ಖಾತೆವಹಿಗಳು. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. 2021ರ ಜುಲೈನಲ್ಲಿ ಮತ್ತೆ ನೆರೆ ಬಂತು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರಾಜ್ಯದಲ್ಲಿ ಜಾನುವಾರು ಸಂತೆಗಳನ್ನು ನಿಲ್ಲಿಸಬೇಕಾಯಿತು. ಸಂತೆ ನಿಂತರೆ ದನ ಮಾರುವವನಿಗಷ್ಟೇ ನಷ್ಟವಲ್ಲ. ಹಿಂಡಿ, ಹೊಟ್ಟು, ಹಗ್ಗ ಮಾರುವವನಿಗೂ, ಸಂತೆಗೆ ಬಂದವರಿಗೆ ಚಹಾ ಕೊಡುವವನಿಗೂ ಅದರ ಬಿಸಿ ತಟ್ಟುತ್ತದೆ. 2024ರ ಜುಲೈನಲ್ಲಿ ಲೋಳಸೂರ ಸೇತುವೆ ಮತ್ತೊಮ್ಮೆ ನೀರಿನಡಿ ಹೋಯಿತು.

ಐದಾರು ವರ್ಷಗಳಲ್ಲಿ ಇಷ್ಟು ಬಾರಿ ಬಂದದ್ದನ್ನು ಇನ್ನು ‘ಅನಿರೀಕ್ಷಿತ’ ಎಂದು ಕರೆಯಲಾಗದು. ಅದು ಬರುವ ದಿನ ತಿಳಿಯದಿರಬಹುದು, ಬರುತ್ತದೆಂಬುದಂತೂ ತಿಳಿದಿದೆ. ತಿಳಿದೂ ಸಿದ್ಧನಾಗದಿರುವುದಕ್ಕೆ ಜಿನವಾಣಿ ಇಟ್ಟಿರುವ ಹೆಸರು ಪ್ರಮಾದ.

‘ಹೊಳಿ ಬಂದಾಗ ನೋಡಿದರಾತು’

ಪೇಟೆಯಲ್ಲಿ ಕೇಳಿಬರುವ ಮಾತು ಇದು. ‘ಹಣ್ಯಾಗ ಬರದದ್ದು ತಪ್ಪತೈತೇನ್ರಿ?’ ಎಂದು ಕರ್ಮಸಿದ್ಧಾಂತದ ಹೆಸರಿನಲ್ಲೇ ಕೈಕಟ್ಟಿ ಕೂರುವವರೂ ಉಂಟು. ಇದು ಕರ್ಮಸಿದ್ಧಾಂತವನ್ನು ಅರ್ಧ ಮಾತ್ರ ತಿಳಿದವರ ಮಾತು.

ಅಂತರಾಯ ಕರ್ಮವು ಐದು ಬಗೆಯದೆಂದು ಶಾಸ್ತ್ರ ಹೇಳುತ್ತದೆ: ದಾನ, ಲಾಭ, ಭೋಗ, ಉಪಭೋಗ, ವೀರ್ಯ. ಲಾಭಾಂತರಾಯ ಉದಯಕ್ಕೆ ಬಂದಾಗ ದುಡಿಮೆಗೆ ತಕ್ಕ ಫಲ ಸಿಗದಿರಬಹುದು. ಇದು ನಿಜ. ಆದರೆ ಹೊಳೆಯ ದಂಡೆಯ ಗೋದಾಮಿನಲ್ಲಿ ನೆಲದ ಮೇಲೆಯೇ ಮೂಟೆ ಒಟ್ಟಿ, ‘ಲಾಭಾಂತರಾಯ’ ಎಂದು ನಿಟ್ಟುಸಿರು ಬಿಡುವುದು ಸರಿಯೇ? ಮಳೆ ಬಂದದ್ದು ನಮ್ಮ ಕೈಯಲ್ಲಿಲ್ಲ. ಮೂಟೆ ಎಲ್ಲಿತ್ತು ಎಂಬುದು ನಮ್ಮ ಕೈಯಲ್ಲಿತ್ತು. ಉದಯಕ್ಕೆ ಬಂದ ಕರ್ಮವನ್ನು ಹೇಗೆ ಎದುರಿಸುತ್ತೇವೆಂಬುದು ಪುರುಷಾರ್ಥದ ವಿಷಯ. ಪುರುಷಾರ್ಥಕ್ಕೆ ಸ್ಥಾನವಿಲ್ಲದಿದ್ದರೆ ವ್ರತ, ತಪಸ್ಸು, ಮೋಕ್ಷಮಾರ್ಗಗಳ ಉಪದೇಶಕ್ಕೇ ಅರ್ಥವಿರುತ್ತಿರಲಿಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳುವುದಿಲ್ಲ. ಪ್ರಮಾದದಿಂದ ಕೂಡಿದ ಮನ, ವಚನ, ಕಾಯಗಳ ಪ್ರವೃತ್ತಿಯಿಂದ ಆಗುವ ಪ್ರಾಣಹಾನಿಯನ್ನು ಹಿಂಸೆ ಎನ್ನುತ್ತಾರೆ. ಅಂದರೆ ಅಜಾಗರೂಕತೆ ಹಿಂಸೆಯ ಬೇರು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಎಣಿಸುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು ಅದರಲ್ಲಿ ಬರುತ್ತವೆ. ಇಂದಿನ ಅಂಗಡಿಯಲ್ಲಿ ಕಿತ್ತುಬಂದ ವಿದ್ಯುತ್ ತಂತಿಯನ್ನು ವರ್ಷಗಟ್ಟಲೆ ಹಾಗೆಯೇ ಬಿಡುವುದನ್ನೂ, ತೇವ ಹಿಡಿದ ಕಾಳನ್ನು ಹುಳು ಬೀಳುವವರೆಗೆ ಮರೆಯುವುದನ್ನೂ ಈ ಪ್ರಮಾದದ ಸಾಲಿಗೇ ಸೇರಿಸಬೇಕು. ಕೊಳೆತ ಒಂದು ಮೂಟೆಯಲ್ಲಿ ಹುಟ್ಟಿ ಸಾಯುವ ಜೀವಿಗಳ ಲೆಕ್ಕ ಯಾವ ಖಾತೆಯಲ್ಲೂ ಬರುವುದಿಲ್ಲ. ಅದು ನಮ್ಮ ಆತ್ಮದ ಖಾತೆಗೆ ಬರುತ್ತದೆ.

ಚಿಂತೆ ಬೇರೆ, ಎಚ್ಚರ ಬೇರೆ

ಹಾಗಾದರೆ ಶ್ರಾವಕನು ಸದಾ ಆಪತ್ತನ್ನೇ ನೆನೆಯುತ್ತಿರಬೇಕೇ? ಇಲ್ಲ. ಅದು ಆರ್ತಧ್ಯಾನ. ಇಷ್ಟವಾದುದು ಅಗಲೀತೆಂಬ, ಅನಿಷ್ಟವಾದುದು ಬಂದೀತೆಂಬ ಭಯದಲ್ಲಿ ಮನಸ್ಸು ಸುತ್ತುತ್ತಿರುವುದು ಕರ್ಮಬಂಧಕ್ಕೆ ದಾರಿ. ರಾತ್ರಿಯಿಡೀ ಮಗ್ಗುಲು ಬದಲಿಸುವ ವ್ಯಾಪಾರಿ ಬೆಳಗಾಗುವಷ್ಟರಲ್ಲಿ ಒಂದು ಮೂಟೆಯನ್ನೂ ಮೇಲೆತ್ತಿರುವುದಿಲ್ಲ.

ಚಿಂತೆಗೂ ಎಚ್ಚರಕ್ಕೂ ಇರುವ ಅಂತರವನ್ನು ಈರ್ಯಾಸಮಿತಿ ಸ್ಪಷ್ಟಗೊಳಿಸುತ್ತದೆ. ಮುನಿಗಳು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕು. ಕಾಲಬುಡವನ್ನಷ್ಟೇ ನೋಡಿದರೆ ತಡವಾಗುತ್ತದೆ. ದಿಗಂತವನ್ನೇ ನೋಡುತ್ತಿದ್ದರೆ ಕಾಲಡಿಯ ಜೀವ ಕಾಣುವುದಿಲ್ಲ. ನಾಲ್ಕು ಮೊಳವೆಂದರೆ ಕಣ್ಣಿಗೆ ಸ್ಪಷ್ಟವಾಗಿ ಕಾಣುವ, ಹೆಜ್ಜೆಯನ್ನು ಬದಲಿಸಲು ಸಮಯವಿರುವ ದೂರ. ವ್ಯಾಪಾರದ ಮುಂದಾಲೋಚನೆಗೂ ಇದೇ ಅಳತೆ ಸಾಕು. ಇಪ್ಪತ್ತು ವರ್ಷಗಳಾಚೆಯ ಭೀತಿ ಬೇಡ. ಬರುವ ಮಳೆಗಾಲ, ಬರುವ ಕಬ್ಬಿನ ಹಂಗಾಮು, ಬರುವ ಸಾಲದ ಕಂತು ಕಣ್ಣ ಮುಂದಿರಲಿ. ನೋಡಿದ್ದಕ್ಕೆ ತಕ್ಕ ಕ್ರಿಯೆ ನಡೆದರೆ ಅದು ಅಪ್ರಮಾದ. ಕ್ರಿಯೆಯಿಲ್ಲದೆ ಮನಸ್ಸಷ್ಟೇ ಸುತ್ತಿದರೆ ಅದು ಆರ್ತಧ್ಯಾನ.

ಸಿದ್ಧತೆಯಿಲ್ಲದ ವ್ರತ

ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. ಮೂರು ಪೇಟೆಗಳಲ್ಲಿ ಯಾವುದರಲ್ಲಾದರೂ ಅವನಿಗೊಂದು ಕಿರಾಣಿ ಅಂಗಡಿಯಿದೆ. ದಿನವೂ ಬಸದಿಗೆ ಹೋಗುತ್ತಾನೆ, ರಾತ್ರಿಭೋಜನ ಮಾಡುವುದಿಲ್ಲ, ತೂಕದಲ್ಲಿ ಮೋಸವಿಲ್ಲ. ಗಿರಾಕಿಗಳಲ್ಲಿ ಹೆಚ್ಚಿನವರು ಕಬ್ಬು ಬೆಳೆಗಾರರು. ವರ್ಷವಿಡೀ ಉದ್ರಿ ಕೊಟ್ಟು, ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬಂದಾಗ ವಸೂಲಿ ಮಾಡುವುದು ರೂಢಿ. ಒಂದು ವರ್ಷ ನೆರೆ ಬಂದು ಗೋದಾಮು ಮುಳುಗಿತು. ಕಬ್ಬೂ ಮುಳುಗಿತು, ಆದ್ದರಿಂದ ಉದ್ರಿ ಬರಲಿಲ್ಲ. ಉದ್ರಿ ಬರೆದ ವಹಿಯೂ ನೆನೆಯಿತು. ವಿಮೆ ಇರಲಿಲ್ಲ. ದಲಾಲಿ ಅಂಗಡಿಯ ಬಾಕಿ ಮಾತ್ರ ಹಾಗೆಯೇ ನಿಂತಿತು.

ಇಲ್ಲಿಯವರೆಗೆ ಇದು ಹಣದ ನಷ್ಟ. ಧರ್ಮದ ಪರೀಕ್ಷೆ ಇಲ್ಲಿಂದ ಮುಂದೆ. ನೀರು ತಾಗಿದ ಬೇಳೆಯನ್ನು ಒಣಗಿಸಿ ಒಳ್ಳೆಯದರೊಡನೆ ಬೆರೆಸಿ ಮಾರಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬರುತ್ತದೆ. ಹತ್ತು ವರ್ಷ ದುಡಿದ ಆಳಿನ ಪಗಾರವನ್ನು ಮುಂದೂಡುವ ಮನಸ್ಸಾಗುತ್ತದೆ. ಕಂಡಕಂಡಲ್ಲಿ ಬಡ್ಡಿಗೆ ತಂದು, ಕೊಡಲಾಗದೆ ಸುಳ್ಳು ಹೇಳಬೇಕಾಗುತ್ತದೆ. ನಿನ್ನೆಯವರೆಗೆ ಸತ್ಯ, ಅಚೌರ್ಯಗಳನ್ನು ಸಹಜವಾಗಿ ಪಾಲಿಸುತ್ತಿದ್ದವನಿಗೆ ಇಂದು ಅವು ಭಾರವೆನಿಸುತ್ತವೆ. ಕೆಟ್ಟವನಲ್ಲದ ಮನುಷ್ಯನನ್ನು ಇಕ್ಕಟ್ಟು ಕೆಟ್ಟ ಕೆಲಸದ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ.

ಮುಂದಾಲೋಚನೆಯ ಧಾರ್ಮಿಕ ಮಹತ್ವ ಇರುವುದು ಇಲ್ಲಿಯೇ. ನಾವು ಕಾಪಾಡಬೇಕಾದದ್ದು ಸರಕನ್ನಷ್ಟೇ ಅಲ್ಲ, ಅಣುವ್ರತಗಳನ್ನು ಪಾಲಿಸುವ ಸ್ಥಿತಿಯನ್ನು. ಸಿದ್ಧತೆಯಿಲ್ಲದವನ ವ್ರತ ಮೊದಲ ನೆರೆಯಲ್ಲೇ ಸಡಿಲವಾಗುವ ಅಪಾಯವಿದೆ.

ಮೂರು ಕಾಲದ ಶುದ್ಧಿ

ಸಿದ್ಧತೆಗೆ ಕ್ರಮವೂ ನಮ್ಮ ಪರಂಪರೆಯಲ್ಲಿಯೇ ಇದೆ. ಹಿಂದೆ ಆದ ದೋಷಗಳಿಂದ ಹಿಂದಿರುಗುವುದು ಪ್ರತಿಕ್ರಮಣ. ಈಗಿನದನ್ನು ಕಂಡು ಒಪ್ಪಿಕೊಳ್ಳುವುದು ಆಲೋಚನೆ. ಮುಂದಿನದನ್ನು ಮೊದಲೇ ತ್ಯಜಿಸುವ ಸಂಕಲ್ಪ ಪ್ರತ್ಯಾಖ್ಯಾನ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಈ ಮೂರನ್ನೂ ಒಟ್ಟಿಗೆ ಹೇಳಿದ್ದಾರೆ. ಅವು ಆತ್ಮಶುದ್ಧಿಗಾಗಿ ಹೇಳಿದವು. ಆದರೆ ಆ ದೃಷ್ಟಿಯನ್ನು ಗೃಹಸ್ಥನು ತನ್ನ ವ್ಯವಹಾರದ ಮೇಲೂ ಹರಿಸಬಹುದು.

ಮೊದಲನೆಯದು ಹಿಂದಿನ ಲೆಕ್ಕ. ಕಳೆದ ಹತ್ತು ವರ್ಷಗಳಲ್ಲಿ ಅಂಗಡಿ ಎಷ್ಟು ದಿನ, ಯಾವ ಕಾರಣಕ್ಕೆ ಮುಚ್ಚಿತು? ನೀರು ಗೋಡೆಯ ಮೇಲೆ ಎಷ್ಟು ಎತ್ತರದವರೆಗೆ ಬಂತು? ಯಾವ ಸರಕು ಕೆಟ್ಟಿತು? ಯಾರ ಬಾಕಿ ಬರಲಿಲ್ಲ? ಮನೆಯ ಹಿರಿಯರನ್ನು, ಹಳೆಯ ಆಳುಗಳನ್ನು ಕೂರಿಸಿಕೊಂಡು ಕೇಳಿ ಬರೆದಿಡಬೇಕು. ಇತರರನ್ನು ದೂರದೆ ತಪ್ಪನ್ನು ಒಪ್ಪಿಕೊಳ್ಳುವುದು ಪ್ರತಿಕ್ರಮಣದ ಗುಣ. ಲೆಕ್ಕದಲ್ಲೂ ಅದೇ ಪ್ರಾಮಾಣಿಕತೆ ಬೇಕು.

ಎರಡನೆಯದು ಇಂದಿನ ನೋಟ. ನನ್ನ ವ್ಯಾಪಾರ ಯಾವ ಒಂದೇ ಕಂಬದ ಮೇಲೆ ನಿಂತಿದೆ? ಒಬ್ಬನೇ ಸರಬರಾಜುದಾರನೇ, ಒಂದೇ ಸೇತುವೆಯ ದಾರಿಯೇ, ಒಂದೇ ಬೆಳೆಯ ಗಿರಾಕಿಗಳೇ? ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಗೆ ತೇವವೇ ಶತ್ರು. ಗೋಕಾಕದ ಕರದಂಟು ಮಾಡುವವನಿಗೆ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳು ಹೊರಗಿನಿಂದ ಬರಬೇಕು, ದಾರಿ ಕಡಿದರೆ ಒಲೆ ಆರುತ್ತದೆ. ಮೂಡಲಗಿಯ ಹಿಂಡಿ ಅಂಗಡಿಯವನಿಗೆ ಸಂತೆಯೇ ಉಸಿರು. ಅವರವರ ದುರ್ಬಲ ಕಂಬವನ್ನು ಅವರವರೇ ಗುರುತಿಸಬೇಕು. ಅಂಗಡಿಯ ವ್ಯವಹಾರವೆಲ್ಲ ಒಬ್ಬನ ತಲೆಯಲ್ಲಿಯೇ ಇದ್ದರೆ ಅದೂ ಒಂಟಿ ಕಂಬವೇ. ಯಜಮಾನನು ಹಾಸಿಗೆ ಹಿಡಿದರೆ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಮನೆಯಾಕೆಗೆ, ಮಕ್ಕಳಿಗೆ ತಿಳಿದಿದೆಯೇ?

ಮೂರನೆಯದು ಮುಂದಿನ ಸಂಕಲ್ಪ. ಇದರಲ್ಲಿ ಮಾಡಬೇಕಾದವು ದೊಡ್ಡವೇನಲ್ಲ. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ, ಶೋಧಿಸಿ ಮಾಡಬೇಕೆಂಬುದು ಆದಾನನಿಕ್ಷೇಪಣ ಸಮಿತಿ. ಗೋದಾಮಿನಲ್ಲಿ ಅದು ಹೀಗೆ ರೂಪ ತಾಳಬಹುದು: ಹಿಂದೆ ನೀರು ಬಂದ ಗುರುತಿಗಿಂತ ಮೇಲೆ ಹಲಗೆ ಕಟ್ಟುವುದು, ಬೆಲೆಯುಳ್ಳ ಮತ್ತು ಬೇಗ ಕೆಡುವ ಸರಕನ್ನು ಜೂನ್‌ಗೆ ಮೊದಲೇ ಅಲ್ಲಿಗೆ ಏರಿಸುವುದು, ಮಳೆಗಾಲದಲ್ಲಿ ದಾಸ್ತಾನನ್ನು ಕಡಿಮೆ ಇಡುವುದು. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಅದೇ ಗಳಿಗೆಗೆ ಗೋಕಾಕಕ್ಕೆ ಬರುವುದಿಲ್ಲ. ಹಿಡಕಲ್ ಜಲಾಶಯದ ಮಟ್ಟ, ಅಲ್ಲಿಂದ ಬಿಡುವ ನೀರಿನ ಪ್ರಮಾಣಗಳ ಸುದ್ದಿಯನ್ನು ಮಳೆಗಾಲದಲ್ಲಿ ದಿನವೂ ಗಮನಿಸುವವನಿಗೆ ಕೆಲವು ತಾಸುಗಳಾದರೂ ಸಿಗುತ್ತವೆ. ಆ ತಾಸುಗಳಲ್ಲಿ ಯಾರು ಏನನ್ನು ಎತ್ತಬೇಕು, ಎಲ್ಲಿಗೆ ಸಾಗಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಆಳುಗಳ ಜೀವ ಸರಕಿಗಿಂತ ದೊಡ್ಡದೆಂಬುದೂ ಆ ನಿಶ್ಚಯದ ಭಾಗವಾಗಿರಬೇಕು.

ಕೀರ್ದಿ, ಖಾತೆ, ಪರವಾನಗಿ, ಬ್ಯಾಂಕಿನ ಕಾಗದಗಳ ಒಂದು ಪ್ರತಿ ಬೇರೆ ಊರಿನ ಬಂಧುಗಳ ಮನೆಯಲ್ಲೋ ಮೊಬೈಲ್ ಫೋನಿನಲ್ಲೋ ಇರಲಿ. ಒಬ್ಬ ಗಿರಾಕಿಗೆ, ಒಂದು ಹಂಗಾಮಿಗೆ ಉದ್ರಿಯ ಮಿತಿ ಇರಲಿ. ಮಿತಿ ಹಾಕುವುದು ನಿರ್ದಯೆಯಲ್ಲ, ಪಡೆಯುವವನನ್ನೂ ಅದು ಸಾಲದಿಂದ ಕಾಯುತ್ತದೆ. ಸಣ್ಣ ಉದ್ಯಮಗಳಿಗೆಂದೇ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ವಿಮೆ ಜಾರಿಯಲ್ಲಿದೆ. ಒಂದು ಸ್ಥಳದಲ್ಲಿರುವ ಕಟ್ಟಡ, ಯಂತ್ರ, ಸರಕು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ಉದ್ಯಮಗಳಿಗೆ ಅದು ಅನ್ವಯಿಸುತ್ತದೆ, ಬೆಂಕಿಯ ಜೊತೆಗೆ ನೆರೆಯ ಹಾನಿಯನ್ನೂ ಒಳಗೊಳ್ಳುತ್ತದೆ. ವಿಮೆ ಮಾಡಿಸುವಾಗ ಸರಕಿನ ನಿಜವಾದ ಬೆಲೆಯನ್ನೇ ಹೇಳಬೇಕು, ಹಾನಿಯಾದಾಗಲೂ ಆದಷ್ಟನ್ನೇ ಹೇಳಬೇಕು. ಸತ್ಯಾಣುವ್ರತ ಅರ್ಜಿಯ ಕಾಗದಕ್ಕೂ ಅನ್ವಯಿಸುತ್ತದೆ.

ಕೂಡಿಡುವುದು ಪರಿಗ್ರಹವಲ್ಲವೇ?

ಇಲ್ಲೊಂದು ಸಂದೇಹ ಏಳುವುದು ಸಹಜ. ಅಪರಿಗ್ರಹವನ್ನು ಬೋಧಿಸುವ ಧರ್ಮ ಆಪತ್ತಿಗೆಂದು ಹಣ ಕೂಡಿಡಲು ಹೇಳುತ್ತದೆಯೇ?

ಗೃಹಸ್ಥನಿಗೆ ಹೇಳಿರುವುದು ಪರಿಗ್ರಹದ ಪರಿಮಾಣ, ಅಂದರೆ ಮಿತಿ. ಶ್ರಾವಕಾಚಾರದ ವ್ಯಾಖ್ಯಾನಗಳಲ್ಲಿ ಉಲ್ಲೇಖಗೊಳ್ಳುವ ಹಳೆಯ ನೀತಿಯೊಂದು ಆದಾಯವನ್ನು ನಾಲ್ಕು ಪಾಲು ಮಾಡಲು ಹೇಳುತ್ತದೆ. ಒಂದು ಪಾಲು ಕಾಪಿಡುವ ನಿಧಿಗೆ, ಒಂದು ವ್ಯಾಪಾರದ ಬಂಡವಾಳಕ್ಕೆ, ಒಂದು ಧರ್ಮಕ್ಕೆ ಮತ್ತು ಸ್ವಂತ ಉಪಭೋಗಕ್ಕೆ, ಇನ್ನೊಂದು ತನ್ನನ್ನು ನಂಬಿದವರ ಪೋಷಣೆಗೆ. ಶ್ವೇತಾಂಬರ ಆಚಾರ್ಯ ಹೇಮಚಂದ್ರರು 12ನೆಯ ಶತಮಾನದಲ್ಲಿ ರಚಿಸಿದ ಯೋಗಶಾಸ್ತ್ರದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಆದಾಯಕ್ಕೆ ತಕ್ಕ ವೆಚ್ಚವನ್ನೂ ದೀರ್ಘದರ್ಶಿತ್ವವನ್ನೂ ಹೆಸರಿಸಿದ್ದಾರೆ. ಆಪತ್ಕಾಲದ ನಿಧಿ ಲೋಭದ ಫಲವಲ್ಲ. ಇಂದಿನ ಭೋಗವನ್ನು ಕಡಿಮೆ ಮಾಡಿಕೊಂಡವನು ಮಾತ್ರ ಅದನ್ನು ಕೂಡಿಸಬಲ್ಲ. ಮೂರು ತಿಂಗಳ ಬಾಡಿಗೆ, ಪಗಾರ, ಕಂತುಗಳಿಗೆ ಸಾಲುವಷ್ಟು ಹಣವನ್ನು ಪ್ರತ್ಯೇಕವಾಗಿಡುವುದು ಒಂದು ವಿವೇಕದ ಮಿತಿ.

ಆ ಮಿತಿಯನ್ನು ದಾಟಿದರೆ ಎಚ್ಚರವೇ ದೋಷವಾಗುತ್ತದೆ. ಸಮಂತಭದ್ರರು ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಅತಿಲೋಭವನ್ನೂ ಹೇಳಿದ್ದಾರೆ. ಅಭಾವ ಬರಲಿದೆಯೆಂದು ಊಹಿಸಿ ಸಕ್ಕರೆ, ಎಣ್ಣೆಗಳನ್ನು ಬಚ್ಚಿಟ್ಟು ಬೆಲೆ ಏರಿದ ಮೇಲೆ ಹೊರತೆಗೆಯುವವನೂ ‘ಮುಂದಾಲೋಚನೆ’ ಎಂದೇ ಹೇಳಿಕೊಳ್ಳುತ್ತಾನೆ. ಉದ್ದೇಶವನ್ನು ನೋಡಿದರೆ ಭೇದ ತಿಳಿಯುತ್ತದೆ. ಒಬ್ಬನು ಆಪತ್ತಿನಲ್ಲಿ ಅಂಗಡಿಯ ಬಾಗಿಲು ತೆರೆದಿಡಲು ಕೂಡಿಡುತ್ತಾನೆ, ಇನ್ನೊಬ್ಬನು ಆಪತ್ತನ್ನೇ ಸುಗ್ಗಿಯಾಗಿಸಲು ಕೂಡಿಡುತ್ತಾನೆ. ಅಚೌರ್ಯ ವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದಿದೆ. ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು, ರಾಜ್ಯದ ವ್ಯವಸ್ಥೆ ಕೆಟ್ಟಿರುವಾಗ ಬೆಲೆಬಾಳುವ ವಸ್ತುಗಳನ್ನು ಅಗ್ಗಕ್ಕೆ ಪಡೆಯುವ ಯತ್ನವೆಂದು ವಿವರಿಸಿದ್ದಾರೆ. ಅನ್ಯರ ಸಂಕಟವನ್ನು ತನ್ನ ಲಾಭಕ್ಕೆ ತಿರುಗಿಸಿಕೊಳ್ಳುವುದು ಕಳ್ಳತನದ ನೆರೆಯಲ್ಲಿರುವ ದೋಷವೆಂದು ಆ ಕಾಲಕ್ಕೇ ಗುರುತಿಸಿದ್ದರು. ನೆರೆಗೆ ಸಿಕ್ಕ ನೆರೆಯಂಗಡಿಯವನ ಸರಕನ್ನು ಮೂರು ಕಾಸಿಗೆ ಕೇಳುವ ಮುನ್ನ ಇದನ್ನು ನೆನೆಯಬೇಕು.

ಒಬ್ಬನಿಂದ ಆಗದು

ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆಯೆಂಬುದು ತತ್ತ್ವಾರ್ಥಸೂತ್ರದ ಪ್ರಸಿದ್ಧ ಬೋಧೆ. ಆಪತ್ತಿನ ಸಿದ್ಧತೆಯಲ್ಲಿ ಇದಕ್ಕಿಂತ ಉಪಯುಕ್ತವಾದ ಸೂತ್ರ ಬೇರೊಂದಿಲ್ಲ. ಎತ್ತರದ ಓಣಿಯಲ್ಲಿ ಗೋದಾಮು ಇರುವವನು ತಗ್ಗಿನ ಓಣಿಯವನಿಗೆ ನಾಲ್ಕು ದಿನ ಜಾಗ ಕೊಡುವ ಮಾತನ್ನು ಬೇಸಿಗೆಯಲ್ಲೇ ಆಡಿರಬಹುದು. ಹುಕ್ಕೇರಿಯ ವ್ಯಾಪಾರಿ ಮತ್ತು ಮೂಡಲಗಿಯ ವ್ಯಾಪಾರಿ ಒಬ್ಬರ ಲೆಕ್ಕದ ಪ್ರತಿಯನ್ನು ಒಬ್ಬರು ಇಟ್ಟುಕೊಳ್ಳಬಹುದು. ಸಹಕಾರದ ಮಾತು ಈ ಮಣ್ಣಿಗೆ ಹೊಸದಲ್ಲ. ಗ್ರಾಹಕರೇ ಸದಸ್ಯರಾಗಿ ವಿದ್ಯುತ್ ವಿತರಿಸಿಕೊಳ್ಳುವ ಸಹಕಾರ ಸಂಘ ಹುಕ್ಕೇರಿಯಲ್ಲಿ 1969ರಿಂದಲೂ ಇದೆ. ದೀಪಕ್ಕಾಗಿ ಕೂಡಿದ ಜನ ನೆರೆಯ ದಿನಕ್ಕಾಗಿಯೂ ಕೂಡಬಲ್ಲರು.

ಎಲ್ಲ ಮಾಡಿದ ಮೇಲೂ

ಇಷ್ಟೆಲ್ಲ ಮಾಡಿದ ಮೇಲೂ ನಷ್ಟವಾಗಬಹುದು. ಹಲಗೆಯ ಎತ್ತರವನ್ನೂ ಮೀರಿ ನೀರು ಬರಬಹುದು. ಆಗ ಶ್ರಾವಕನಿಗೆ ಅನಿತ್ಯ ಭಾವನೆಯ ಆಸರೆ ಇದೆ. ಸಂಪತ್ತು, ಸಂಯೋಗ, ಶರೀರ ಯಾವುದೂ ಸ್ಥಿರವಲ್ಲವೆಂದು ಪದೇ ಪದೇ ಚಿಂತಿಸುವ ಈ ಅನುಪ್ರೇಕ್ಷೆ ಸೋಮಾರಿತನಕ್ಕೆ ನೆಪವಲ್ಲ. ಮಾಡಬೇಕಾದದ್ದನ್ನೆಲ್ಲ ಮಾಡಿದವನಿಗೇ ಅದು ನಿಜವಾದ ಸಮಾಧಾನ ಕೊಡುತ್ತದೆ. ಮಾಡದವನನ್ನು ಪಶ್ಚಾತ್ತಾಪ ಸುಮ್ಮನಿರಗೊಡದು.

ಉತ್ತರಾಧ್ಯಯನದಲ್ಲಿ ಮೂವರು ವಣಿಕರ ದೃಷ್ಟಾಂತವಿದೆ. ಮೂವರೂ ಬಂಡವಾಳ ಹಿಡಿದು ಹೊರಟರು. ಒಬ್ಬನು ಲಾಭ ಗಳಿಸಿ ಬಂದ, ಒಬ್ಬನು ಮೂಲಧನವನ್ನಷ್ಟೇ ತಂದ, ಇನ್ನೊಬ್ಬನು ಮೂಲವನ್ನೂ ಕಳೆದ. ಅಲ್ಲಿ ಮೂಲಧನವೆಂದರೆ ಮನುಷ್ಯಜನ್ಮ. ಈ ದೃಷ್ಟಿಯಿಂದ ನೋಡಿದರೆ, ನೆರೆಯಲ್ಲಿ ಸರಕು ಕಳೆದುಕೊಂಡೂ ತೂಕ ತಪ್ಪದವನು, ಆಳಿನ ಪಗಾರವನ್ನು ತಡವಾದರೂ ಕೊಟ್ಟವನು, ಕೆಟ್ಟ ಕಾಳನ್ನು ಗಿರಾಕಿಗೆ ಮಾರದವನು ಮೂಲಧನವನ್ನು ಉಳಿಸಿಕೊಂಡವನೇ. ಸರಕನ್ನು ಉಳಿಸಿಕೊಂಡು ಸತ್ಯವನ್ನು ಕಳೆದವನಿಗೆ ಗಲ್ಲೆಪೆಟ್ಟಿಗೆ ತುಂಬಿದ್ದರೂ ಮೂಲಕ್ಕೇ ಕುಂದು.

ಭಗವಾನ್ ಮಹಾವೀರರ ನಿರ್ವಾಣದ ದಿನವಾದ ದೀಪಾವಳಿಯಂದು ನಮ್ಮ ಅಂಗಡಿಗಳಲ್ಲಿ ಹೊಸ ವಹಿಗೆ ಪೂಜೆ ಸಲ್ಲುತ್ತದೆ. ಮೊದಲ ಪುಟದಲ್ಲಿ ಮಂಗಳಾಕ್ಷರ ಬರೆದ ಮೇಲೆ ಎರಡನೆಯ ಪುಟವನ್ನು ಈ ಆತ್ಮಾವಲೋಕನಕ್ಕೆ ಮೀಸಲಿಡಬಾರದೇ? ಕಳೆದ ವರ್ಷ ಏನು ಎಡವಿದೆ, ಇಂದು ಯಾವ ಕಂಬ ದುರ್ಬಲವಾಗಿದೆ, ಮಳೆಗಾಲಕ್ಕೆ ಮೊದಲು ಏನು ಮಾಡುತ್ತೇನೆ ಎಂಬ ಮೂರು ಸಾಲು ಸಾಕು. ಒಂದು ಕ್ಷಣವೂ ಪ್ರಮಾದ ಸಲ್ಲದೆಂದು ಮಹಾವೀರರು ಗೌತಮ ಗಣಧರರಿಗೆ ಉಪದೇಶಿಸಿದರು. ಮಹಾಜ್ಞಾನಿಗೂ ಬೇಕಾದ ಆ ಎಚ್ಚರ ಅಂಗಡಿಯ ಗದ್ದುಗೆಯ ಮೇಲೆ ಕುಳಿತ ನಮಗೂ ಬೇಕು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ, ನಿರ್ಭಯವಾಗಿ ಹೆಜ್ಜೆಯಿಡೋಣ.